ಮುನ್ನೂರ ಹದಿನೈದು ಅಡಿ

ನಾನು ಒಂದು ಜಾಯಿನರ್. ಸಿನಿಮಾ ಫಿಲ್ಮನ್ನು ಕತ್ತರಿಸಿ ಮತ್ತೆ ಅಂಟಿಸುವ, ಅಂಗೈಯಗಲದ ಕಬ್ಬಿಣದ ಸಾಧನ. ಹೆಸರಿಗೆ ಕೂಡಿಸುವುದು ನನ್ನ ಕೆಲಸ. ಆಯುಷ್ಯದ ಬಹುಪಾಲು ಹೋದದ್ದು ಕತ್ತರಿಸುವುದರಲ್ಲಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮುಂದಿನ ಮಾತುಗಳಲ್ಲಿ ನಾನು ಇರುವುದಕ್ಕಿಂತ ಒಳ್ಳೆಯದಾಗಿ ಕಾಣಿಸಬಹುದು.

ಹುಟ್ಟಿದ್ದು ಹುಬ್ಬಳ್ಳಿಯ ಒಂದು ಲೇತ್ ಕಾರ್ಖಾನೆಯಲ್ಲಿ. ಅಲ್ಲಿ ಪಂಪ್‌ಸೆಟ್ಟಿನ ಬಿಡಿಭಾಗ ಮಾಡುತ್ತಿದ್ದರು. ಯಾರೋ ತಂದಿಟ್ಟ ವಿಲಾಯತಿ ಜಾಯಿನರನ್ನು ನೋಡಿಕೊಂಡು ನನ್ನನ್ನು ನಕಲು ಮಾಡಿದರು. ಎರಡು ಹಿಡಿಕೆ, ಫಿಲ್ಮಿನ ಅಂಚಿನ ತೂತುಗಳಿಗೆ ಕೂರುವ ಸಣ್ಣ ಹಲ್ಲುಗಳು, ಒಂದು ಅಲಗು. ಕಣ್ಣು ಯಾರೂ ಕೊಡಲಿಲ್ಲ. ಆದರೆ ನನ್ನ ಮೇಲೆ ಹಾಯ್ದುಹೋದ ಪ್ರತಿ ಚಿತ್ರವನ್ನೂ ನೋಡಿದ್ದೇನೆ. ಅದೇ ಈಗ ತೊಂದರೆ.

ನನ್ನ ಮೊದಲ ಒಡೆಯ ದೇವಪುತ್ರಪ್ಪ. ಅದೇ ಊರಿನ ಚಿತ್ರ ಹಂಚಿಕೆ ಕಚೇರಿಯಲ್ಲಿ, ಊರೂರು ಸುತ್ತಿ ಗಾಯಗೊಂಡು ಬರುತ್ತಿದ್ದ ರೀಲುಗಳನ್ನು ರಿಪೇರಿ ಮಾಡುತ್ತಿದ್ದ ಮನುಷ್ಯ. ಹರಿದ ಕಡೆ ನೇರ ಮಾಡಿ, ಮೇಲಿನ ಪದರ ಕೆರೆದು, ಸಿಮೆಂಟು ಎನ್ನುವ ಅಂಟನ್ನು ಒಂದೇ ಒಂದು ಹನಿ ಸವರಿ, ನನ್ನ ಹಿಡಿಕೆ ಒತ್ತಿ ಹಿಡಿದು ಮನಸ್ಸಿನಲ್ಲೇ ಇಪ್ಪತ್ತು ಎಣಿಸುತ್ತಿದ್ದ. ಹೊಸಬರು ಯಾರಾದರೂ ನನ್ನನ್ನು ಮುಟ್ಟಲು ಬಂದರೆ ಅವನ ಮಾತು ಒಂದೇ.

"ಪ್ರತಿ ಜಾಯಿಂಟಿಗೂ ಒಂದು ಚಿತ್ರ ತಿಂತೈತಿ ಇದು. ಹಸಿವಿ ಬಾಳ. ಅದಕ್ಕ ಕಡಿಮಿ ಉಣಸಬೇಕು."

ನಿಜ. ಎರಡು ತುದಿ ಕೂಡಬೇಕಾದರೆ ನಡುವೆ ಒಂದು ಚಿತ್ರವಾದರೂ, ಅಂದರೆ ಒಂದು ಫ್ರೇಮಾದರೂ, ಹೋಗಲೇಬೇಕು. ಸೆಕೆಂಡಿಗೆ ಇಪ್ಪತ್ತನಾಲ್ಕು ಚಿತ್ರ ಓಡುವಾಗ ಒಂದು ಹೋದರೆ ಯಾರಿಗೂ ತಿಳಿಯುವುದಿಲ್ಲ. ತಿಳಿಯದ್ದನ್ನು ತಿನ್ನುವುದರಲ್ಲಿ ಪಾಪವಿಲ್ಲ ಎಂದು ಆಗ ನಂಬಿದ್ದೆ.

ಆ ಮೇಜಿನ ಮೇಲೆಯೇ ನಾನು ಚಿಕ್ಕ ನಟರನ್ನು ಗುರುತಿಸಲು ಕಲಿತದ್ದು. ನಾಯಕ ಇದ್ದಲ್ಲಿ ಫಿಲ್ಮು ಹರಿದರೆ ಊರಿನ ಮಂದಿ ಗಲಾಟೆ ಮಾಡುತ್ತಾರೆ, ಆಪರೇಟರು ಅಲ್ಲೇ ಅಂಟಿಸಿಬಿಡುತ್ತಾನೆ. ಹರಿದದ್ದು ಹರಿದಂತೆಯೇ ಬರುತ್ತಿದ್ದುದು ಉಳಿದವರ ತುಣುಕುಗಳು. ತಂತಿ ತರುವವನು, ಹೆಣದ ಪಕ್ಕ ಕೂತು ಅಳುವ ನೆರೆಯವಳು, ಒಂದೇ ಏಟಿಗೆ ಬೀಳುವ ಪೈಲ್ವಾನ. ಹತ್ತು ಸಿನಿಮಾದಲ್ಲಿ ಹತ್ತು ಸಲ ಸತ್ತವನೊಬ್ಬನಿದ್ದ. ಪ್ರತಿ ಸಲವೂ ಬೇರೆ ರೀತಿ ಸಾಯುತ್ತಿದ್ದ. ಅವನ ಹೆಸರು ನನಗೆ ಇಂದಿಗೂ ಗೊತ್ತಿಲ್ಲ. ಪರದೆಯ ಮೇಲೆ ಅವರೆಲ್ಲರಿಗೂ ಸೇರಿ ಒಂದೇ ಹೆಸರು: ಮತ್ತು ಇತರರು.

ದೇವಪುತ್ರಪ್ಪನ ಕಣ್ಣು ಮಂದವಾದ ಮೇಲೆ ನನ್ನನ್ನು ಒಂದು ರೀಲು ಡಬ್ಬಿಯ ಜೊತೆ ಬಸ್ಸಿನ ಮೇಲೆ ಹಾಕಿ ಕಳಿಸಿದರು. ಬಾದಾಮಿಯಿಂದ ಒಂದು ತಾಸಿನ ಹಾದಿಯ ಊರು. ಒಂದೇ ಟಾಕೀಸು. ಅದರ ಆಪರೇಟರು ದಸ್ತಗೀರ.

ಒಳ್ಳೆಯ ಕೆಲಸಗಾರ. ಪ್ರೊಜೆಕ್ಟರ್ ಯಂತ್ರದ ಹಲ್ಲು ಒರೆಸುವಾಗ ಕೂಸಿನ ಮುಖ ಒರೆಸಿದಂತೆ ಒರೆಸುತ್ತಿದ್ದ. ಆದರೆ ಆ ಟಾಕೀಸಿಗೆ ಒಂದು ಕಟ್ಟುಪಾಡಿತ್ತು. ಸುತ್ತಲ ಹಳ್ಳಿಗಳ ಕೊನೆಯ ಬಸ್ಸು ಸಂಜೆ ಆರಕ್ಕೆ ಹೊರಡುತ್ತಿತ್ತು. ಮೂರರ ಆಟ ಆರಕ್ಕೆ ಹತ್ತು ನಿಮಿಷವಿರುವಾಗ ಮುಗಿಯದಿದ್ದರೆ, ಹಳ್ಳಿಯ ಮಂದಿ ಕೊನೆಯ ಹೊಡೆದಾಟ ಬಿಟ್ಟು ಎದ್ದು ಓಡಬೇಕು. ಹಾಗಾಗಿ ಉದ್ದದ ಸಿನಿಮಾ ಬಂದರೆ ಹತ್ತು ನಿಮಿಷ ಕತ್ತರಿಸುವುದು ದಸ್ತಗೀರನ ಹೊಣೆ. ಕತ್ತರಿಸಿದ ತುಣುಕುಗಳನ್ನು ಬಿಸ್ಕೀಟು ಡಬ್ಬಿಯಲ್ಲಿಟ್ಟು, ಪ್ರಿಂಟು ಮುಂದಿನ ಊರಿಗೆ ಹೋಗುವ ಮೊದಲು ಮತ್ತೆ ಹಚ್ಚಿ ಕಳಿಸುವುದೂ ಅವನದೇ ಹೊಣೆ.

ಯಾವುದನ್ನು ಕತ್ತರಿಸಬೇಕು? ಅದಕ್ಕೆ ಅವನದೊಂದು ವಿಧಾನವಿತ್ತು. ಮೊದಲ ದಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದ. ಸಿಳ್ಳೆ ಕೇಳಿಸಿದರೆ ಒಂದು ಗೆರೆ. ಕಾಲು ಬಡಿದರೆ ಎರಡು. ಪರದೆಗೆ ಚಿಲ್ಲರೆ ತೂರಿದರೆ ಮೂರು. ಏನೂ ಕೇಳಿಸದಿದ್ದರೆ ಸೊನ್ನೆ. ಯಂತ್ರದ ಕಟಕಟ ಸದ್ದಿನಲ್ಲಿ ಇಪ್ಪತ್ತು ವರ್ಷ ನಿಂತು ಅವನ ಕಿವಿ ಅರ್ಧ ಹೋಗಿತ್ತು. ಸಭಾಂಗಣ ಅವನಿಗೆ ಗೋಡೆಯಾಚೆಯ ಗದ್ದಲ ಮಾತ್ರ. ಸೊನ್ನೆ ಬಿದ್ದ ದೃಶ್ಯ ಸತ್ತ ದೃಶ್ಯ. ಅದನ್ನು ನನ್ನ ಮೇಲಿಡುತ್ತಿದ್ದ.

ಒಂದು ಶುಕ್ರವಾರ ಹೊಡೆದಾಟದ ಸಿನಿಮಾವೊಂದು ಬಂತು. ಹಿಂದಿನ ಊರಿನಲ್ಲಿ ಹತ್ತನೆಯ ರೀಲು ಒಂದು ಕಡೆ ಹರಿದಿತ್ತು. ಬೆಳಿಗ್ಗೆ ಅದನ್ನು ಅಂಟಿಸುವಾಗ ಅದರಲ್ಲೊಬ್ಬ ಹೆಂಗಸನ್ನು ನೋಡಿದೆ. ನಾಯಕನ ಗೆಳೆಯ ಸತ್ತಿದ್ದಾನೆ. ಅವನ ತಾಯಿಗೆ ಸುದ್ದಿ ಹೇಳಲು ನಾಯಕ ಬಂದಿದ್ದಾನೆ, ಹೇಳಲಾಗುತ್ತಿಲ್ಲ. ತಾಯಿ ಎರಡು ತಾಟು ಇಡುತ್ತಾಳೆ, ಒಂದು ಇವನಿಗೆ, ಇನ್ನೊಂದು ಮಗನಿಗೆ. ಎರಡಕ್ಕೂ ರೊಟ್ಟಿ ಹಾಕುತ್ತಾಳೆ. ನಾಯಕನ ಮುಖ ನೋಡುತ್ತಾಳೆ. ಆಮೇಲೆ ಮಗನ ತಾಟಿನ ರೊಟ್ಟಿ ತೆಗೆದು ನಾಯಕನ ತಾಟಿಗೆ ಹಾಕಿ, "ಇನ್ನೊಂದು ಹಾಕ್ಲೇನಪಾ?" ಎನ್ನುತ್ತಾಳೆ. ಅಷ್ಟೇ. ಮೂರೂವರೆ ನಿಮಿಷ. ಮುನ್ನೂರ ಹದಿನೈದು ಅಡಿ. ಅಡಿಗೆ ಹದಿನಾರರಂತೆ ಐದು ಸಾವಿರದ ನಲವತ್ತು ಚಿತ್ರ.

ದಸ್ತಗೀರ ನೋಡಿದ್ದು ಹರಿದ ಅಂಚನ್ನು. ನಾನು ನೋಡಿದ್ದು ಅವಳನ್ನು. ಅವಳಿಗೆ ಗೊತ್ತಾದದ್ದು ಯಾವ ಚಿತ್ರದಲ್ಲಿ ಎಂದು ಹುಡುಕಿದೆ. ಸಿಗಲಿಲ್ಲ. ಒಂದು ಚಿತ್ರದಲ್ಲಿ ಗೊತ್ತಿಲ್ಲ, ಅದರ ಮುಂದಿನದರಲ್ಲಿ ಗೊತ್ತಾಗಿದೆ.

ಆ ಸಂಜೆ ಗೋಡೆಯ ಮೇಲೆ ಆ ದೃಶ್ಯಕ್ಕೆ ದೊಡ್ಡ ಸೊನ್ನೆ ಬಿತ್ತು.

ಶನಿವಾರ ಬೆಳಿಗ್ಗೆ ಕತ್ತರಿಸಿದೆವು. ‘ಅವನು ಕತ್ತರಿಸಿದ’ ಎನ್ನುವುದಿಲ್ಲ. ಹಿಂದಿನ ವಾರವಷ್ಟೇ ನನ್ನ ಅಲಗು ಬದಲಾಗಿತ್ತು. ಕೂದಲೆಳೆಯಷ್ಟೂ ಓರೆಯಾಗದಂತೆ ಕೊಯ್ದೆ. ಮೊದಲು ನಾಯಕ ಬಾಗಿಲು ತಟ್ಟುತ್ತಾನೆ. ಆಮೇಲೆ ನಾಯಕ ಮೋಟಾರ್ ಸೈಕಲ್ಲಿನ ಮೇಲಿದ್ದಾನೆ. ನಡುವೆ ಒಬ್ಬ ತಾಯಿ ಇದ್ದಳೆಂಬ ಗುರುತು ಇಲ್ಲ. ಮೂರರ ಆಟದಲ್ಲಿ ಒಬ್ಬನೂ ಗೊಣಗಲಿಲ್ಲ. ನಾನು ಹೆಮ್ಮೆಪಟ್ಟೆ. ಕತ್ತರಿಸಿದ್ದಕ್ಕಿಂತ, ಅಷ್ಟು ಚೆನ್ನಾಗಿ ಕತ್ತರಿಸಿದೆ ಎಂದು ಹಿಗ್ಗಿದ್ದು ನೆನಪಾದಾಗ ಈ ಕಬ್ಬಿಣಕ್ಕೂ ಎಲ್ಲಾದರೂ ಮುಖ ಮುಚ್ಚಿಕೊಳ್ಳಬೇಕು ಅನ್ನಿಸುತ್ತದೆ.

ಅವಳು ಬಂದದ್ದು ಭಾನುವಾರ, ಮೂರರ ಆಟಕ್ಕೆ. ಐವತ್ತರ ಆಸುಪಾಸಿನ ಹೆಂಗಸು, ಇಳಕಲ್ ಸೀರೆ, ಪಕ್ಕದಲ್ಲಿ ಬಿಳಿ ಟೋಪಿಯ ಉದ್ದನೆಯ ಮುದುಕ. ಯಂತ್ರವಿದ್ದ ಕ್ಯಾಬಿನ್ನಿನ ಕಿಂಡಿಯ ಕೆಳಗೇ ಬಾಲ್ಕನಿಯ ಹಿಂದಿನ ಸಾಲು, ಅಲ್ಲಿ ಕೂತರು. ಇಂಟರ್ವೆಲ್ ಆದ ಮೇಲೆ ಅವಳು ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂತಳು, ಫೋಟೋ ತೆಗೆಸಿಕೊಳ್ಳುವವಳಂತೆ.

"ಈಗ ನೋಡಣ್ಣಾ," ಎಂದಳು.

ನಾಯಕ ಬಾಗಿಲು ತಟ್ಟಿದ. ನಾಯಕ ಮೋಟಾರ್ ಸೈಕಲ್ಲಿನ ಮೇಲಿದ್ದ. ಜನ ಸಿಳ್ಳೆ ಹಾಕಿದರು.

ಅವಳು ಕೊನೆಯವರೆಗೂ ಹಾಗೆಯೇ ನೆಟ್ಟಗೆ ಕೂತಿದ್ದಳು, ತಡವಾಗಿಯಾದರೂ ಬಂದೀತೇನೋ ಎಂಬಂತೆ. ಚಿತ್ರ ಮುಗಿದಾಗ ಮುದುಕ ಎದ್ದ.

"ಇದನ್ನ ತೋರಸಾಕ ಕರ್ಕೊಂಡ ಬಂದ್ಯಾ? ಮೊದಲಿಗೆ ಒಂದ್ಸಲ ಪರದೆ ಮ್ಯಾಲ ಕೊಡ ಹೊತ್ಕೊಂಡ ಹೋದಿ. ಕೊಡ ಹೊರಾಕ ನಮ್ಮನ್ಯಾಗ ಬಾವಿ ಇದ್ದಿಲ್ಲೇನು?"

"ಅಣ್ಣಾ, ಶುಕ್ರವಾರ ಇತ್ತು. ನಾನ ಕಣ್ಣಾರೆ ನೋಡೀನಿ."

"ಇಪ್ಪತ್ತೆಂಟ ವರ್ಷ ನೀ ಹೇಳಿದ್ದು ಕೇಳಿಲ್ಲ. ಇವತ್ತ ಕೇಳಿದೆ," ಎಂದು ಅವನು ಮೆಟ್ಟಿಲಿಳಿದ.

ಅವಳು ಇಳಿಯಲಿಲ್ಲ. ಕ್ಯಾಬಿನ್ನಿಗೆ ಹತ್ತಿ ಬಂದಳು.

"ಸಾಬರ, ನಾ ನೀಲವ್ವ. ನಾಟಕ ಕಂಪನಿಯಾಕಿ. ಇದರಾಗ ನನ್ನದೊಂದು ಸೀನ್ ಇತ್ರಿ. ರೊಟ್ಟಿ ಹಾಕೂದು."

ದಸ್ತಗೀರ ಕೈ ಒರೆಸಿಕೊಂಡ. "ಬಸ್ಸಿಗೆ ಹೊತ್ತಾಗತೈತಿ ಅಂತ... ಮಂದಿ ಸುಮ್ಮನ ಕೂತಿದ್ರು ಅಕ್ಕಾರ. ಹಿಡಿಸಲಿಲ್ಲ ಅಂದ್ಕೊಂಡೆ."

"ಸುಮ್ಮನ ಅಲ್ರೀ. ಉಸಿರ ಬಿಗಿ ಹಿಡಿದಿದ್ರು. ಶೇಂಗಾ ತಿನ್ನೂದ ಬಿಟ್ಟಿದ್ರು. ಅದನ್ನ ನೋಡೇ ನಾ ಹಳ್ಳಿಗೆ ಓಡಿ ಹೋಗಿ ಅಣ್ಣನ್ನ ಕರ್ಕೊಂಡ ಬಂದೆ."

ದಸ್ತಗೀರ ಅವಳ ಬಾಯಿ ನೋಡುತ್ತ ನಿಂತಿದ್ದ, ಕಿವಿ ಮಂದವಾದವರು ನೋಡುವಂತೆ.

"ಉಸಿರ ಬಿಗಿ ಹಿಡಿದದ್ದು ನನಗ ಕೇಳಸೂದಿಲ್ರಿ ಅಕ್ಕಾರ," ಎಂದ.

ಆಮೇಲೆ ಅವಳೇ ಹೇಳಿದಳು, ಅವನಿಗೆ ಕೇಳಿಸಲೆಂದು ಜೋರಾಗಿ. ಅಣ್ಣ ಗುರುಪಾದಪ್ಪ ಮಾಸ್ತರರು. ಹತ್ತೊಂಬತ್ತನೇ ವಯಸ್ಸಿಗೆ ಅವಳು ಕಂಪನಿ ಸೇರಿದಂದಿನಿಂದ ಮಾತು ಬಿಟ್ಟಿದ್ದರು. ಅವ್ವ ಸತ್ತಾಗ ಹೊಸ್ತಿಲೊಳಗೆ ಬಿಟ್ಟುಕೊಂಡಿರಲಿಲ್ಲ. ಮುಖಕ್ಕೆ ಬಣ್ಣ ಹಚ್ಚಿ ಕುಣಿಯುವುದೊಂದೇ ಅವಳ ಕೆಲಸ ಎಂದು ನಂಬಿದ್ದವರು. ಒಂದೇ ಸಲ ಬರುತ್ತೇನೆ, ನೋಡುತ್ತೇನೆ, ಆಮೇಲೆ ಮನೆಗೆ ಬರಬೇಕೋ ಬೇಡವೋ ಹೇಳುತ್ತೇನೆ ಎಂದಿದ್ದರಂತೆ.

"ಈಗ ಹಚ್ಚತೀನ್ರಿ. ಕಾಲ ತಾಸು ಸಾಕು. ಮುಂದಿನ ಆಟಕ್ಕ ಮಾಸ್ತರನ್ನ ನಿಂದರಸ್ರಿ," ಎಂದ ದಸ್ತಗೀರ. ಬಿಸ್ಕೀಟು ಡಬ್ಬಿ ತೆರೆದಾಗಿತ್ತು. ನನ್ನ ಹಿಡಿಕೆ ಎತ್ತಿ ಸಿದ್ಧ ಮಾಡಿಯೂ ಆಗಿತ್ತು.

ಹೊರಗೆ ಬಸ್ಸಿನ ಹಾರ್ನ್ ಕೇಳಿತು. ನೀಲವ್ವ ಕಿಂಡಿಯಿಂದ ಬಗ್ಗಿ ನೋಡಲಿಲ್ಲ.

"ಹೋದ್ರು," ಎಂದಳು.

"ಹಂಗಾದ್ರ ಮುಂದಿನ ಊರಿಗೆ ಹಚ್ಚಿ ಕಳಸ್ತೀನ್ರಿ. ಅಲ್ಲಿ ಮಂದಿ ನೋಡ್ತಾರ."

"ಮುಂದಿನ ಊರಾಗ ನಮ್ಮಣ್ಣ ಇರೂದಿಲ್ಲಲ್ರಿ ಸಾಬರ."

ಅವಳು ಆ ಸುರುಳಿಯನ್ನು ಕೇಳಿದಳು. ಕೊಡಬಾರದಿತ್ತು. ಅದು ಹಂಚಿಕೆದಾರರ ಸ್ವತ್ತು. ದಸ್ತಗೀರ ಡಬ್ಬಿಯ ಸಮೇತ ಕೊಟ್ಟ. ಆ ಪ್ರಿಂಟು ನಮ್ಮಿಂದ ಮುಂದಕ್ಕೆ ತಾಯಿಯಿಲ್ಲದೆ ಹೋಯಿತು. ಬೇರೆ ಪ್ರಿಂಟುಗಳಲ್ಲಿ ಅವಳು ಉಳಿದಳೋ ಇಲ್ಲವೋ ತಿಳಿಯದು. ದಸ್ತಗೀರನ ಕಿವಿಯಂಥ ಕಿವಿಗಳು, ನನ್ನಂಥ ಅಲಗುಗಳು ಎಲ್ಲ ಊರಲ್ಲೂ ಇದ್ದವು.

ಅಂದಿನಿಂದ ದಸ್ತಗೀರ ಗೋಡೆಯ ಮೇಲೆ ಬರೆಯುವುದನ್ನು ಬಿಟ್ಟ. ಕತ್ತರಿಸುವುದನ್ನು ಬಿಡಲಾಗಲಿಲ್ಲ, ಬಸ್ಸು ಆರಕ್ಕೇ ಹೊರಡುತ್ತಿತ್ತು. ಆದರೆ ಹಾಡು ಕತ್ತರಿಸಿದ, ಹೊಡೆದಾಟ ಕತ್ತರಿಸಿದ. ಮಂದಿ ಕುರ್ಚಿ ಮುರಿದರು. ಮಾಲಕರು ಬಂದು ಬೈದರು. "ಏನೋ ದಸ್ತಗೀರ, ಹೀರೋನ ಹೊಟ್ಟಿಗೇ ಕತ್ರಿ ಹಾಕ್ತೀಯಲ್ಲೋ!" ಅವನು ಕೇಳಿಸದವನಂತೆ ನಿಂತ. ಅಂಥ ಹೊತ್ತಿನಲ್ಲಿ ಅವನ ಕಿವುಡು ಅನುಕೂಲಕ್ಕೆ ಬರುತ್ತಿತ್ತು.

ಆಮೇಲೆ ಫಿಲ್ಮೇ ನಿಂತಿತು. ಟಾಕೀಸು ಮದುವೆ ಮಂಟಪವಾಯಿತು. ಕೊನೆಯ ದಿನ ದಸ್ತಗೀರ ನನ್ನನ್ನು ಕೈಚೀಲದಲ್ಲಿ ಹಾಕಿಕೊಂಡು ಮನೆಗೆ ತಂದ. ಅವನ ಹೆಂಡತಿ ನನ್ನನ್ನು ಕಿಟಕಿಯ ಕಟ್ಟೆಯಲ್ಲಿಟ್ಟು ಕರೆಂಟ್ ಬಿಲ್ಲುಗಳ ಮೇಲೆ ಭಾರಕ್ಕೆ ಬಳಸಿದಳು. ಹಲ್ಲುಗಳಿಗೆ ತುಕ್ಕು ಹಿಡಿಯಿತು. ಇದು ನನ್ನ ಯೋಗ್ಯತೆಗೆ ಸರಿಯಾದ ಕೆಲಸ ಎಂದುಕೊಂಡೆ. ಬಿಲ್ಲುಗಳನ್ನು ಕತ್ತರಿಸುವ ಅಗತ್ಯ ಯಾರಿಗೂ ಬರುವುದಿಲ್ಲ.

ಹೋದ ವರ್ಷ ಒಂದು ಮಧ್ಯಾಹ್ನ ಬಾಗಿಲಲ್ಲಿ ಕೋಲಿನ ಸದ್ದಾಯಿತು. ಬಿಳಿ ಟೋಪಿ. ಬೆನ್ನು ಬಾಗಿದ್ದರಿಂದ ಉದ್ದ ಕಡಿಮೆಯಾಗಿತ್ತು. ಕೈಯಲ್ಲಿ ಅದೇ ಬಿಸ್ಕೀಟು ಡಬ್ಬಿ.

"ನಾ ಗುರುಪಾದಪ್ಪ. ನೀಲಿಯ ಅಣ್ಣ. ಆಕಿ ಹೋಗಿ ತಿಂಗಳಾತು. ಟ್ರಂಕಿನಾಗ ಇದು ಸಿಕ್ತು. ಮ್ಯಾಲೆ ನಿಮ್ಮ ಹೆಸರು ಬರದಾಳ. ಏನ್ರೀ ಇದು?"

ದಸ್ತಗೀರ ಮುಚ್ಚಳ ತೆಗೆದ. ಹುಳಿ ವಾಸನೆ ಹೊಡೆಯಿತು. ಬಣ್ಣವೆಲ್ಲ ಹೋಗಿ ಫಿಲ್ಮು ಕೆಂಪಾಗಿತ್ತು. ಕಿಟಕಿಯ ಬೆಳಕಿಗೆ ಹಿಡಿದು, ಮಾಸ್ತರರ ಕೈಗೆ ತನ್ನ ಓದುವ ಭೂತಗನ್ನಡಿ ಕೊಟ್ಟ. ತೋರಿಸುವ ಯಂತ್ರವಿರಲಿಲ್ಲ. ಇಬ್ಬರು ಮುದುಕರು ನನ್ನ ತಲೆಯ ಮೇಲೆ ಗೇಣು ಗೇಣಾಗಿ ಸುರುಳಿ ಬಿಚ್ಚುತ್ತ ಹೋದರು. ಮೂರೂವರೆ ನಿಮಿಷದ್ದಕ್ಕೆ ಒಂದು ಮಧ್ಯಾಹ್ನ ಹಿಡಿಯಿತು.

"ಎರಡನೇ ತಾಟು ಯಾರಿಗ?"

"ಸತ್ತ ಮಗಗ. ಸತ್ತಿದ್ದು ಇನ್ನೂ ಆಕಿಗೆ ಗೊತ್ತಿಲ್ರಿ."

"ಈಗ ಗೊತ್ತಾತು," ಎಂದರು ಮಾಸ್ತರರು ಸ್ವಲ್ಪ ಮುಂದೆ. ನಾನು ಅಂದು ಹುಡುಕಿ ಸೋತ ಜಾಗದಲ್ಲೇ ಅವರ ಹೆಬ್ಬೆರಳು ನಿಂತಿತ್ತು. "ಹಿಟ್ಟು ಝಾಡಿಸೂದು ನೋಡ್ರಿ. ನಮ್ಮವ್ವ ಹಿಂಗ, ಮಣಿಕಟ್ಟಿಗೆ ಎರಡ ಸಲ ಬಡೀತಿದ್ಲು." ಮತ್ತೆ ಒಂದು ಗೇಣು. "ಅಳೂದಿಲ್ಲಲ್ಲ ಆಕಿ?"

ದಸ್ತಗೀರನಿಗೆ ಆ ಮಾತು ಹೇಗೋ ಕೇಳಿಸಿತು.

"ಅತ್ತಿದ್ರ ಮಂದೀನೂ ಅಳತಿದ್ರು. ನನಗ ಕೇಳಸ್ತಿತ್ತು," ಎಂದ. "ಅತ್ತಿದ್ರ ನಾ ಕತ್ತರಸ್ತಿದ್ದಿಲ್ರಿ ಮಾಸ್ತರ."

ಮಾಸ್ತರರು ತಲೆ ಎತ್ತಲಿಲ್ಲ. "ನಾನೂ ಹಂಗ," ಎಂದರು. "ಹೊಸ್ತಿಲದಾಗ ನಿಂತಾಗ ಆಕಿ ಅಳಲಿಲ್ಲ. ಕಲ್ಲು ಅಂದ್ಕೊಂಡೆ."

ಆಗಲೇ ಒಣಗಿ ಗರಿಗರಿಯಾಗಿದ್ದ ಫಿಲ್ಮು ಅವರ ಕೈಯಲ್ಲಿ ಪಟ್ಟನೆ ಮುರಿಯಿತು. ಮಾಸ್ತರರು ತಪ್ಪು ಮಾಡಿದ ಮಗುವಿನಂತೆ ಎರಡು ತುದಿ ಹಿಡಿದುಕೊಂಡು ನಿಂತರು.

"ಹಚ್ಚಿ ಕೊಡ್ರೀ. ಇಡೀದಾಗಿ ಇರ್ಲಿ. ಮನ್ಯಾಗ ಇಡತೀನಿ."

ದಸ್ತಗೀರ ಬಿಲ್ಲುಗಳ ಮೇಲಿಂದ ನನ್ನನ್ನು ಎತ್ತಿದ. ಎಣ್ಣೆ ಹಾಕಿದ, ಅಲಗನ್ನು ಕಲ್ಲಿಗೆ ಉಜ್ಜಿದ. ಎಲ್ಲಿಂದಲೋ ಸಿಮೆಂಟಿನ ಹಳೆಯ ಶೀಷೆ ಹುಡುಕಿದ, ತಳದಲ್ಲಿ ನಾಲ್ಕು ಹನಿಯಿತ್ತು. ಕೊನೆಗೂ, ನಾನು ಕೆಡಿಸಿದ್ದನ್ನು ನಾನೇ ಕೂಡಿಸುವ ಹೊತ್ತು. ಇಷ್ಟು ವರ್ಷ ಕಾದದ್ದು ಇದಕ್ಕೇ ಎಂದುಕೊಂಡೆ. ನೋಡಿ, ಆಗಲೂ ಹೆಮ್ಮೆಯೇ.

ಮುರಿದ ಅಂಚು ಓರೆಯಾಗಿತ್ತು. ನೇರ ಮಾಡದೆ ಕೂಡುವುದಿಲ್ಲ. ಅಲಗು ಇಳಿಯಿತು. ದಸ್ತಗೀರ ಹಿಡಿಕೆ ಒತ್ತಿ ಹಿಡಿದು ಇಪ್ಪತ್ತು ಎಣಿಸಿದ. ಜೋರಾಗಿಯೇ ಎಣಿಸಿದ, ಅವನಿಗೆ ಅದು ಗೊತ್ತಿಲ್ಲ. ಮಾಸ್ತರರು ಸುರುಳಿಯನ್ನು ಡಬ್ಬಿಯಲ್ಲಿಟ್ಟುಕೊಂಡು, ಎದೆಗೊತ್ತಿಕೊಂಡು, ಬಸ್ಸಿಗೆ ಹೋದರು. ನೀಲವ್ವ ಕೊನೆಗೂ ಹೊಸ್ತಿಲು ದಾಟಿದಳು ಎಂದು ನೀವು ಹೇಳಬಹುದು. ನನಗೆ ಹೇಳಲು ಬಾಯಿ ಬರುವುದಿಲ್ಲ.

ಏಕೆಂದರೆ ಕೊಯ್ದ ಆ ಒಂದು ಚಿತ್ರ ನನ್ನ ಹಲ್ಲಿಗೇ ಅಂಟಿಕೊಂಡಿತ್ತು. ಯಾರೂ ನೋಡಲಿಲ್ಲ. ಇನ್ನೂ ಇಲ್ಲೇ ಇದೆ, ಈ ಕಿಟಕಿಯ ಕಟ್ಟೆಯ ಮೇಲೆ, ನನ್ನ ಹಿಡಿಕೆಯ ಕೆಳಗೆ. ಮುಕ್ಕಾಲು ಇಂಚು. ಅದರಲ್ಲಿ ರೊಟ್ಟಿ ಎರಡು ತಾಟುಗಳ ನಡುವೆ ಗಾಳಿಯಲ್ಲಿದೆ, ಅವಳು ನಾಯಕನ ಕಡೆ ನೋಡುತ್ತಿಲ್ಲ. ಬೆಳಗಿನ ಬಿಸಿಲು ಹಾಯ್ದಾಗ ಆ ಮುಖ ಒಂದು ಗಳಿಗೆ ಕೆಂಪಗೆ ಬೆಳಗುತ್ತದೆ.

ಮಾಸ್ತರರ ಡಬ್ಬಿಯಲ್ಲಿ ಈಗ ಐದು ಸಾವಿರದ ಮೂವತ್ತೊಂಬತ್ತು ಇವೆ. ಅವರು ಎಣಿಸುವುದಿಲ್ಲ. ನಾನು ಎಣಿಸುತ್ತೇನೆ.