ಹೇರಳೆ ಮರಕ್ಕೊಂದು ಊಜಿ

ನಮ್ಮತ್ತೆ ಸಿದ್ದಮ್ಮನವರಿಗೆ ಈ ಭೂಮಿಯ ಮೇಲೆ ಇರುವುದು ಒಬ್ಬನೇ ಶತ್ರು, ಊಜಿ ನೊಣ. ಅದು ರೇಷ್ಮೆ ಹುಳದ ಮೈಮೇಲೆ ಮೊಟ್ಟೆ ಇಟ್ಟು ಹೋಗುತ್ತದೆ. ಮರಿ ಒಳಗೆ ಕೊರೆದು, ಹುಳವನ್ನು ತಿಂದು, ಕೊನೆಗೆ ಗೂಡಿಗೇ ತೂತು ಮಾಡಿಕೊಂಡು ಹೊರಗೆ ಬರುತ್ತದೆ. ತೂತುಬಿದ್ದ ಗೂಡನ್ನು ರಾಮನಗರದ ಮಾರ್ಕೆಟ್ಟಿನಲ್ಲಿ ಯಾರೂ ಮೂಸಿ ನೋಡುವುದಿಲ್ಲ. ಅದಕ್ಕೇ ನಮ್ಮ ಹುಳದ ಮನೆಯ ಸುತ್ತ ಬಲೆ ಕಟ್ಟಿದೆ, ಬಾಗಿಲಲ್ಲಿ ಕಾಲು ಅದ್ದುವುದಕ್ಕೆ ಬ್ಲೀಚಿಂಗ್ ಪುಡಿಯ ನೀರಿದೆ. ಮದುವೆಯಾಗಿ ಬಂದ ದಿನ ನನ್ನನ್ನು ಅಕ್ಕಿ ಸೇರು ಒದೆಸಿ ಮನೆ ತುಂಬಿಸಿಕೊಂಡ ಅತ್ತೆ, ಹುಳದ ಮನೆಗೆ ಮಾತ್ರ ಬಹಳ ದಿನ ಸೇರಿಸಲೇ ಇಲ್ಲ. ‘ಮೊದ್ಲು ನಿನ್ ಕೈ ನೋಡ್ಬೇಕು’ ಅಂದಿದ್ದರು. ಆ ಸಿಟ್ಟು ನನಗೆ ಈಗಲೂ ಒಸಿ ಇದೆ.

ಆದರೆ ಮಗಳು ಹೊಟ್ಟೆಯಲ್ಲಿದ್ದಾಗ, ಅನ್ನದ ವಾಸನೆಗೇ ಓಡಿಹೋಗುತ್ತಿದ್ದ ನನ್ನನ್ನು ಬದುಕಿಸಿದ್ದು ಅತ್ತೆ ಮಾಡಿದ ಹೇರಳೆಕಾಯಿ ಗೊಜ್ಜು. ಹಿತ್ತಿಲ ಆ ಹೇರಳೆ ಮರ ಎಂದರೆ ನನಗೆ ಪ್ರಾಣ. ಅತ್ತೆಗೆ ನನಗಿಂತ ಹೆಚ್ಚು.

ಅಂಥ ಮರಕ್ಕೆ ಈ ವರ್ಷ ಗಂಡಾಂತರ ಬಂತು. ಪಕ್ಕದ ಎರಡು ನಿಂಬೆ ಗಿಡಗಳ ಎಲೆ ಮಚ್ಚೆಮಚ್ಚೆಯಾಗಿ ಹಳದಿ ತಿರುಗಿ, ಕಾಯಿ ಸೊಟ್ಟಗಾದವು. ನಿಂಬೆ, ಹೇರಳೆ ಜಾತಿಯ ಗಿಡಗಳಿಗೆಲ್ಲ ಬರುವ ಗ್ರೀನಿಂಗ್ ರೋಗದ ಮೇಲೆ ಸಂಶೋಧನೆ ಮಾಡುತ್ತಿರುವ ಶ್ವೇತ ಮೇಡಂ ಎಂಬವರು ಬಂದು ಎಲೆ ಕಿತ್ತುಕೊಂಡು ಹೋಗಿ ಪರೀಕ್ಷೆ ಮಾಡಿಸಿದರು. ಕನಕಪುರದ ಕಡೆಯ ಹುಡುಗಿ, ನನಗಿಂತ ಚಿಕ್ಕವಳು. ಎರಡನೇ ಸಲ ಕಾಫಿ ಕುಡಿಯುವಷ್ಟರಲ್ಲಿ ನನಗೆ ಬರೀ ಶ್ವೇತ ಆಗಿಬಿಟ್ಟಳು. ನಿಂಬೆ ಗಿಡಗಳಿಗೆ ರೋಗ ಖಂಡಿತ ಎಂದಳು. ನನ್ನ ಗಂಡ ಲೋಕೇಶ್ ಎರಡನ್ನೂ ಕಡಿದು ಸುಟ್ಟರು.

“ಹೇರಳೆ ಮರ ಸದ್ಯಕ್ಕೆ ಚೆನ್ನಾಗೈತೆ,” ಎಂದು ಶ್ವೇತ ಒಂದು ಚಿಗುರು ಬಗ್ಗಿಸಿ ತೋರಿಸಿದಳು. ಎಳ್ಳಿಗಿಂತ ಸಣ್ಣ ಕೀಟಗಳು ಬಾಲ ಎತ್ತಿಕೊಂಡು ಸಾಲಾಗಿ ಕೂತಿದ್ದವು. “ಇದರ ಹೆಸ್ರು ಸಿಲ್ಲ. ರೋಗದ ಗಿಡದ ರಸ ಕುಡ್ದು ಬಂದು ಒಳ್ಳೆ ಗಿಡಕ್ಕೆ ಹತ್ತಿಸ್ತದೆ. ಹತ್ತಿದ್ಮೇಲೆ ಮದ್ದಿಲ್ಲ ಅಮ್ಮ, ಈ ಮರಾನೂ ಕಡೀಬೇಕಾಯ್ತದೆ.”

ಅತ್ತೆ ಮರದ ಬೊಡ್ಡೆಯ ಮೇಲೆ ಕೈಯಿಟ್ಟರು. ಔಷಧಿ ಹೊಡೆಯೋಣವೆಂದರೆ ಕೈಚಾಚುವಷ್ಟು ದೂರದಲ್ಲಿ ಹಿಪ್ಪುನೇರಳೆ. ಆ ಸೊಪ್ಪಿಗೆ ಔಷಧಿಯ ಗಾಳಿ ತಾಗಿದರೂ ಹುಳ ಹಸಿರು ಕಕ್ಕಿ ಸಾಯುತ್ತವೆ. ಶ್ವೇತಳ ಮುಖ ಮಾತ್ರ ಅರಳಿತು. ಔಷಧಿ ಕಾಣದ ಇಂಥದೇ ಹಿತ್ತಿಲನ್ನು ಅವಳು ಹುಡುಕುತ್ತಿದ್ದಳಂತೆ. ಸುತ್ತಮುತ್ತ ಮಾವಿನ ತೋಪಿನವರೆಲ್ಲ ಹೊಡೆಯುವವರೇ.

ಮುಂದಿನ ವಾರ ಒಂದು ಗಾಜಿನ ಕೊಳವೆ ತಂದಳು. ಒಳಗೆ, ಔಷಧಿ ತಾಗಿದರೆ ಬದುಕದಂಥ, ಕಣ್ಣಿಗೆ ಕಂಡೂ ಕಾಣದಂಥ ಕಣಜಗಳು ಓಡಾಡುತ್ತಿದ್ದವು. ನಾನು ಬುದ್ಧಿವಂತೆಯ ಹಾಗೆ ಅವಳ ಕಿವಿಯಲ್ಲಿ, “ಅತ್ತೆಗೆ ಅರ್ಥ ಆಗೋ ಹಂಗೆ ಹೇಳಿ, ಸೈನ್ಸ್ ಎಲ್ಲ ಬ್ಯಾಡ” ಎಂದೆ.

“ಅಮ್ಮ, ಇದು ಸಿಲ್ಲದ ಊಜಿ ಅಂದ್ಕೊಳಿ,” ಎಂದು ಶ್ವೇತ ಶುರುಮಾಡಿದಳು. “ಸಿಲ್ಲದ ಮರಿ ಹೊಟ್ಟೆ ಕೆಳ್ಗೆ ಮೊಟ್ಟೆ ಇಕ್ಕಿ, ಅದನ್ನೇ ತಿಂದು, ತೂತು ಮಾಡ್ಕಂಡು ಈಚೆಗ್ ಬತ್ತದೆ.”

ಅತ್ತೆಯ ಕೈಲಿದ್ದ ಸೊಪ್ಪಿನ ಕಟ್ಟು ಕೆಳಗೆ ಬಿತ್ತು.

“ಏನಂದ್ಯವ್ವ? ನನ್ ಹಿತ್ಲಿಗೆ ಊಜಿ ತಂದ್ಯಾ? ಹುಳ ನಾಕ್ನೇ ಜ್ವರದಿಂದ ಈಗ್ತಾನೆ ಎದ್ದವೆ!” ಹುಳ ಪೊರೆ ಬಿಡುವುದಕ್ಕೆ ನಮ್ಮಲ್ಲಿ ಜ್ವರ ಎನ್ನುವುದು. “ಇರಲಾರ್ದೆ ಇರುವೆ ಬುಟ್ಕಂಡ್ರಂತೆ! ಲೋಕೇಸಾ, ಬಲೆ ಬಾಗ್ಲು ಹಾಕ್ಲಾ!”

“ಅವ್ವ, ಅದು ಬ್ಯಾರೆ ಊಜಿ ಕಣವ್ವ,” ಎಂದರು ನನ್ನ ಗಂಡ.

“ಊಜೀಲಿ ಒಳ್ಳೇದು ಕೆಟ್ಟದ್ದು ಅಂತ ಐತೇನ್ಲಾ?”

ಸಂಜೆಯೊಳಗೆ ಬೀದಿಗೆಲ್ಲ ಸುದ್ದಿ. ಎದುರುಮನೆಯ ಹನುಮಂತಮ್ಮ ಬಾಗಿಲಿಗೇ ಬಂದು, “ಸಿದ್ದಕ್ಕ, ನಿಮ್ಮನೆ ಊಜಿ ನಮ್ಮನೆ ಕಡೆ ತಲೆ ಹಾಕುದ್ರೆ ಚೆಂದಾಗಿರಲ್ಲ” ಎಂದು ಹೇಳಿ ಹೋದಳು. ನನಗೆ ನಾಚಿಕೆಯೂ ಆಯಿತು, ಹೆದರಿಕೆಯೂ ಆಯಿತು. ನನ್ನ ಬಾಯಿಂದಾಗಿ ಮರ ಹೋಗುತ್ತಲ್ಲ ಎಂದು ಅಡುಗೆಮನೆಯಲ್ಲಿ ನಿಂತು ಅತ್ತೂಬಿಟ್ಟೆ.

ಬೆಳಿಗ್ಗೆ ಶ್ವೇತ ಮತ್ತೆ ಹಾಜರು, ಈ ಸಲ ಬಲೆಯ ಡಬ್ಬಿಯೊಂದಿಗೆ. “ಅಮ್ಮ, ನನ್ ಮಾತು ನಂಬಬ್ಯಾಡಿ. ನಿಮ್ ಹುಳನೇ ಕೇಳಿ. ಒಂದ್ ಹಿಡಿ ಹುಳ ಕೊಡಿ, ಇದ್ರೊಳಗೆ ಕಣಜದ ಜೊತೆ ಬುಡೋಣ. ಮೈಮೇಲೆ ಊಜಿ ಹತ್ತಿದ ಕರಿ ಚುಕ್ಕೆ ಬಂದ್ರೆ ನಾನು ಈ ಕಡೆ ಮುಖ ಹಾಕಲ್ಲ.”

ಅತ್ತೆ ಡಬ್ಬಿಯ ಬಲೆಯನ್ನು ಬೆರಳಿನಿಂದ ಒತ್ತಿ ನೋಡಿದರು. “ಈಚೆಗ್ ಬಂದ ಹುಳ ತಿರ್ಗಾ ಒಳೀಕ್ ಬರಂಗಿಲ್ಲ,” ಎಂದರು. ಆಮೇಲೆ ತಾವೇ ಹೋಗಿ, ಹೆಣ್ಣು ಒಪ್ಪಿಸುವವರ ಹಾಗೆ ಮುಖ ಮಾಡಿಕೊಂಡು, ಹುಳ ಆರಿಸಿ ತಂದರು.

ಡಬ್ಬಿ ಜಗಲಿಯ ಮೇಲೆ ಕೂತಿತು, ಪಕ್ಕದಲ್ಲಿ ಅತ್ತೆ. ಹುಳಕ್ಕೆ ಸೊಪ್ಪು ಅವರದು, ಕಣಜಕ್ಕೆ ಜೇನುತುಪ್ಪ ಶ್ವೇತಳದು. ಕನ್ನಡಕ ಏರಿಸಿಕೊಂಡು ಒಂದೊಂದೇ ಹುಳವನ್ನು ತಿರುಗಿಸಿ ನೋಡುತ್ತಿದ್ದರು. ಕಣಜಗಳೋ, ಹುಳದ ಬೆನ್ನ ಮೇಲೆ ರಸ್ತೆ ದಾಟುವವರಂತೆ ಆಚೆ ಈಚೆ ಓಡಾಡಿದವೇ ಹೊರತು ತಿರುಗಿಯೂ ನೋಡಲಿಲ್ಲ. ಚುಕ್ಕೆ ಬರಲಿಲ್ಲ. ಹುಳ ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾದವು. ಅತ್ತೆ ಹುಳ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯ ಒಂದು ತುಂಡು ಮುರಿದು ಡಬ್ಬಿಗೆ ಹಾಕಿದರು, ಅದರ ಮೇಲೆ ಗೂಡುಗಳು ಗಟ್ಟಿಯಾಗಿ ಕಟ್ಟಿದವು. ಒಂದನ್ನು ಬ್ಲೇಡಿನಿಂದ ಕೊಯ್ದು ನೋಡಿದರೆ ಒಳಗೆ ಕೋಶ ಜೀವಂತ, ಮಿಸುಕಾಡುತ್ತಿತ್ತು.

“ಹೂಂ,” ಎಂದರು ಅತ್ತೆ. “ಬುಡವ್ವ ನಿನ್ ಊಜಿಯ.”

ಶ್ವೇತ ಹೊಸ ಕೊಳವೆ ಹಿಡಿದು ಹಿತ್ತಿಲಿಗೆ ಬಂದಾಗ ಹೇರಳೆ ಮರದ ಮುಂದೆ ಒಂದು ಬೇಸಿನ್, ಅದರಲ್ಲಿ ಬ್ಲೀಚಿಂಗ್ ಪುಡಿಯ ನೀರು.

“ಕಾಲ್ ಅದ್ದು.”

“ಅಮ್ಮ, ಇದು ಮರ. ಹುಳದ ಮನೆ ಅಲ್ವಲ್ಲ.”

“ನಿನ್ ಹುಳ ಮೇಯೋದು ಇಲ್ಲೇ ತಾನೆ? ಅದ್ದು.”

ಡಾಕ್ಟರೇಟು ಮಾಡುತ್ತಿರುವ ಹುಡುಗಿ ಚಪ್ಪಲಿ ಬಿಟ್ಟು ಕಾಲು ಅದ್ದಿದಳು. ನನಗೆ ನಗು ತಡೆಯಲಾಗಲಿಲ್ಲ. ಅತ್ತೆ ನನ್ನ ಕಡೆ ತಿರುಗಿ, “ನೀನೂವೆ” ಎಂದರು.

ಚಿಗುರು ಬಲಿಯುವ ಹೊತ್ತಿಗೆ ಶ್ವೇತ ಮತ್ತೆ ಎಲೆ ತೆಗೆದುಕೊಂಡು ಹೋಗಿ ಪರೀಕ್ಷೆ ಮಾಡಿಸಿ ಬಂದಳು. ಮರಕ್ಕೆ ರೋಗವಿಲ್ಲ. ಭೂತಗಾಜು ಕೊಟ್ಟು ಒಂದು ಚಿಗುರನ್ನು ನೋಡಿ ಎಂದಳು. ಅತ್ತೆ ಬಗ್ಗಿ ನೋಡಿದರು. ಸಿಲ್ಲದ ಮರಿಗಳೆಲ್ಲ ಒಣಗಿ ಕಂದು ಸಿಪ್ಪೆಯಾಗಿದ್ದವು, ಒಂದೊಂದರ ಬೆನ್ನಲ್ಲೂ ದುಂಡನೆಯ ತೂತು.

ಅತ್ತೆ ತಲೆ ಎತ್ತಲೇ ಇಲ್ಲ. ನಾನು ಗಾಬರಿಯಾಗಿ ಹತ್ತಿರ ಹೋದೆ. ನಗುತ್ತಿದ್ದರು.

“ಜೀವಮಾನೆಲ್ಲ ತೂತು ಕಂಡು ಅತ್ತವಳು ಕಣೆ ಭಾನು. ಇವತ್ತು ತೂತು ಕಂಡು ನಗು ಬತ್ತಾ ಐತೆ.”

ಆ ದಿನ ಗೊಜ್ಜಿನ ಒಗ್ಗರಣೆ ಬೀದಿಗೆಲ್ಲ ಘಮ್ಮೆಂದಿತು. ಅದಕ್ಕೋ ಏನೋ, ಹನುಮಂತಮ್ಮ ಸೆರಗಿನ ಮರೆಯಲ್ಲಿ ಒಂದು ಲೋಟ ಹಿಡಿದು ಬಂದಳು. ಹೆಪ್ಪಿಗೆ ಮೊಸರು ಕೇಳಲು ಬಂದಳೆಂದುಕೊಂಡೆ.

“ಸಿದ್ದಕ್ಕ, ನಮ್ ನಿಂಬೆ ಗಿಡಕ್ಕೂ ಒಸಿ ಊಜಿ ಇದ್ರೆ ಕೊಡಕ್ಕ.”

ಅತ್ತೆ ಗೊಜ್ಜು ತಿರುವುತ್ತಲೇ ಹೇಳಿದರು.

“ಮೊದ್ಲು ಕಾಲ್ ತೊಳ್ಕಂಡ್ ಬಾ.”