ಟ್ಯಾಂಕಿನ ದೃಷ್ಟಿಬೊಂಬೆ

ಮಂಡ್ಯ ಜಿಲ್ಲೆಯಾದ ಮರುವರ್ಷ ರೈಲು ನಿಲ್ದಾಣದ ಆಚೆ ನೀರಿನ ಟ್ಯಾಂಕು ಎದ್ದಿತು. ಊರಿನ ತೆಂಗು, ಗುಡಿಯ ಗೋಪುರ ಎಲ್ಲವೂ ಅದರ ಕೆಳಗೇ ಉಳಿದವು. ಮದ್ದೂರಿನಿಂದ ರೈಲಿನಲ್ಲಿ ಬರುವವರಿಗೆ ಮೊದಲು ಕಾಣುವುದು ಅದೇ. ಅದಕ್ಕೆ ನೀರು ಹತ್ತಿದರೆ ಹೊಸ ಬಡಾವಣೆಯ ಮನೆಮನೆಗೂ ನಲ್ಲಿ ಬರುತ್ತದಂತೆ. ಸಂತೆಗೆ ಬಂದವರು ಕತ್ತೆತ್ತಿ ನೋಡದೆ ಹೋಗುತ್ತಿರಲಿಲ್ಲ.

ಅಷ್ಟು ಕಣ್ಣು ಬಿದ್ದಮೇಲೆ ದೃಷ್ಟಿ ತಾಗದೆ ಇದ್ದೀತೆ? ಅಂದು ಬೆಳಿಗ್ಗೆ ಗಾರೆ ಕೆಲಸದ ವಾಜಿದ್ ಹುಲ್ಲು ತುಂಬಿದ ಬೊಂಬೆಯೊಂದನ್ನು ಇನ್ನೂ ಗಾರೆ ಮುಗಿಯದ ಟ್ಯಾಂಕಿನ ತುದಿಯಲ್ಲಿ ಇಳಿಬಿಟ್ಟಿದ್ದ. ಅದಕ್ಕೆ ತೊಡಿಸಿದ್ದು ಅವನದೇ ಹಳೆಯ ನೀಲಿ ಅಂಗಿ. ಹೆಂಡತಿ ತಾಹೇರಾ ಕೊಟ್ಟದ್ದು. ಅವನು ಮೈಮೇಲೆ ತೊಟ್ಟದ್ದೂ ಅದೇ ಬಟ್ಟೆಯದು.

ಮಧ್ಯಾಹ್ನ ಗಾಳಿ ಎದ್ದಿತು. ವಾಜಿದ್ ಒಳಗೆಲ್ಲೋ ಗಾರೆ ಬಳಿಯುತ್ತಿದ್ದಾನೆಂದು ಎಲ್ಲರ ಎಣಿಕೆ. ಗಾರೆ ಅರೆಯುವ ಗಾಣದ ಸದ್ದಿನ ನಡುವೆ ಮೇಸ್ತ್ರಿ ಹೊನ್ನಯ್ಯನೂ ಕೊಪ್ಪದ ಗಾಡಿಯ ಕೆಂಪಸಿದ್ದಯ್ಯನೂ ತಲೆಯೆತ್ತಿದರು.

“ನೋಡ್ಲಾ ಸಿದ್ದ, ಬೊಂಬೆ ಕುಣೀತೈತೆ. ನಿನ್ ಎತ್ತಿಗಿಂತ ಚುರುಕಾಗೈತೆ.”

“ಕೈನೂ ಬೀಸ್ತೈತೆ. ನಿನ್ನೇ ಕರೀತಿರೋದು, ಓಗು.”

ಇಟ್ಟಿಗೆ ಹೊರುವ ಹೆಂಗಸರೂ ನಕ್ಕರು. ಒಬ್ಬಳು ತಾನೂ ಕೈ ಬೀಸಿದಳು.

ಊಟದ ಬುತ್ತಿ ಹಿಡಿದು ತಾಹೇರಾ ಟ್ಯಾಂಕಿನ ಹಿಂಬದಿಯಿಂದ ಬಂದವಳು ಅಲ್ಲಿನ ಮರಳಗುಡ್ಡೆಯ ಹತ್ತಿರ ನಿಂತುಬಿಟ್ಟಳು.

“ಹೊನ್ನಣ್ಣ, ಬೊಂಬೆ ಇಲ್ಲಿ ಬಿದ್ದೈತಲ್ಲ.”

“ಎಲ್ ಬಿದ್ದೈತಮ್ಮ, ಮೇಲೆ...”

ಹೊನ್ನಯ್ಯ ಅವಳ ಬಳಿಗೆ ಬಂದು ನೋಡಿದ. ಮರಳ ಮೇಲೆ ನೀಲಿ ಅಂಗಿ, ಹೊಟ್ಟೆಯೊಡೆದು ಹುಲ್ಲು ಚೆಲ್ಲಿತ್ತು.

“ಮೇಲಿರೋದು ಯಾರು?” ಅಂದಳು ತಾಹೇರಾ. ದನಿ ಏರಿಸಲಿಲ್ಲ.

ಗಾಣದ ಎತ್ತು ಸುತ್ತುತ್ತಲೇ ಇತ್ತು. ಹೊನ್ನಯ್ಯನೂ ಕೆಂಪಸಿದ್ದಯ್ಯನೂ ಏಣಿಯತ್ತ ಓಡಿದರು.

ವಾಜಿದ್ ನಿಂತು ಗಾರೆ ಬಳಿಯುತ್ತಿದ್ದ ಸಾರವೆಯ ಹಲಗೆ ಜಾರಿ, ಬೊಂಬೆಯನ್ನೂ ಕಿತ್ತುಕೊಂಡು ಹಿಂದಕ್ಕೆ ಬಿದ್ದಿತ್ತು. ಬೊಂಬೆಯ ಜಾಗದಲ್ಲಿ ನೇತಾಡುತ್ತಿದ್ದ ಅವನನ್ನು ತಡೆದದ್ದು ಸೊಂಟದ ಹಗ್ಗ. ಎಳೆದು ಇಳಿಸಿದಾಗ ಅವನ ಗಂಟಲು ಕೂಗಿ ಕೂಗಿ ಒಡೆದಿತ್ತು. ಹಗ್ಗ ಹಿಡಿದ ಬೆರಳುಗಳನ್ನು ತಾಹೇರಾ ಒಂದೊಂದಾಗಿ ಬಿಡಿಸಿದಳು.

ನೀರು ಕುಡಿದು ಅವನು ಹೊನ್ನಯ್ಯನ ಮುಖ ನೋಡಿದ.

“ಕೈ ಬೀಸ್ದೆ ಕಣಣ್ಣ. ನೀವು ನಗ್ತಿದ್ರಿ.”

“ಗಾಡಿ ಕಟ್ತೀನಿ ಕಣಮ್ಮ, ಮನೆಗಂಟ ಬುಡ್ತೀನಿ,” ಎಂದ ಕೆಂಪಸಿದ್ದಯ್ಯ.

“ಬೇಡಣ್ಣ.”

ತಾಹೇರಾ ಗಂಡನ ತೋಳನ್ನು ಹೆಗಲಿಗೆ ಹಾಕಿಕೊಂಡಳು. ನೆಲ ಅಲ್ಲೇ ಇದೆಯೋ ಇಲ್ಲವೋ ಎಂಬಂತೆ ಅವನು ಪಾದ ಒತ್ತಿ ಒತ್ತಿ ನಡೆದ.