ಬಗಾಕಾಯ್ ಹೆಂಗಸರ ಹರಕೆ

ಸಾಲ್ವಿ ಮೇಡಂ ಮೈಕು ಹಿಡಿದು ಇನ್ನೂ ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಮುಂದಿನ ಸಾಲಿನಲ್ಲಿದ್ದ, ತಲೆ ಅರ್ಧ ನರೆತ ಮೀನುಗಾರನೊಬ್ಬ ಎದ್ದು ನಿಂತು ಕೈ ಎತ್ತಿ, "ಪ್ರೆಸೆಂಟ್ ಮೇಡಂ!" ಎಂದುಬಿಟ್ಟ. ಬಾಸ್ಕೆಟ್‌ಬಾಲ್ ಅಂಗಳದಲ್ಲಿ ಕೂತಿದ್ದ ಜನವೆಲ್ಲ ಗೊಳ್ಳೆಂದು ನಕ್ಕಿತು. ಮೇಡಂ ಕೂಡ ನಕ್ಕರು, ಆದರೆ ಒಳಗೊಳಗೇ ಉರಿದುಹೋಯಿತು. ಚುನಾವಣೆಯ ಎದುರಾಳಿ, ಮೊರ್ದೆನೊ ಮನೆತನದ ಹುಡುಗ, ಕೊಲ್ಲಿಯ ಆಚೆ ದಡದಲ್ಲಿ ವೇದಿಕೆ ಹತ್ತಿದರೆ ಜನ ಸಂಸದರನ್ನು ನೋಡುವ ಹಾಗೆ ಬಾಯಿಬಿಟ್ಟು ನೋಡುತ್ತಾರೆ. ಮೇಡಂ ಹತ್ತಿದರೆ ಎಲ್ಲರೂ ಆರನೇ ಕ್ಲಾಸಿಗೆ ವಾಪಸ್ ಹೋಗಿಬಿಡುತ್ತಾರೆ.

"ಕೂತ್ಕೊ ಬೆರ್ತೊ. ಅವತ್ತೂ ನೀನು ಬರೀ ಹಾಜರಿ ಹೇಳೋಕೆ ಬರ್ತಿದ್ದೆ, ಪಾಠಕ್ಕಲ್ಲ," ಎಂದರು ಮೇಡಂ. ಜನ ಇನ್ನಷ್ಟು ನಕ್ಕಿತು.

ಮೇಡಂ ಹೇಳಿದ್ದು ಒಂದೇ ವಿಷಯ, ಹೈಸ್ಕೂಲು. ಕೊಲ್ಲಿಯ ಈಚೆ ದಡದ ಊರುಗಳಲ್ಲಿ ಆರನೇ ಕ್ಲಾಸು ಮುಗಿದರೆ ಮಕ್ಕಳು ದೋಣಿ ಹತ್ತಿ ಆಚೆ ತಬೂನನ್ ಪೇಟೆಗೆ ಹೋಗಬೇಕು. ಈಶಾನ್ಯದ ಗಾಳಿ ಎದ್ದ ತಿಂಗಳುಗಳಲ್ಲಿ ದೋಣಿಗಳನ್ನು ಮರಳಿಗೆ ಎಳೆದು ಕಟ್ಟುತ್ತಾರೆ, ಮಕ್ಕಳು ಮನೆಯಲ್ಲೇ ಉಳಿಯುತ್ತಾರೆ. ಗಾಳಿ ಇಳಿದ ಮೇಲೆ ಗಂಡುಹುಡುಗರು ಬಲೆ ಹಿಡಿದಿರುತ್ತಾರೆ, ಹೆಣ್ಣುಮಕ್ಕಳು ತಮ್ಮ ತಂಗಿಯರನ್ನು ಎತ್ತಿಕೊಂಡಿರುತ್ತಾರೆ. ಮತ್ತೆ ಶಾಲೆಯ ಮಾತೇ ಇಲ್ಲ.

ಇದಕ್ಕಾಗಿ ಮೇಡಂ ಮೊದಲ ಸಲ ಆಚೆ ದಡದ ಪಟ್ಟಣದ ಕೌನ್ಸಿಲ್‌ಗೆ ನಿಂತಾಗ ನಾಮಪತ್ರಕ್ಕೆ ಸಹಿ ಹಾಕಿದ ಗಳಿಗೆಯಲ್ಲೇ ಸರ್ಕಾರಿ ಶಾಲೆಯ ಟೀಚರ್ ಕೆಲಸ ಕೈಬಿಟ್ಟಿತು. ಕಾನೂನು ಹಾಗೆ. ಸೋತರು. ಎರಡನೇ ಸಲ ನಿಂತಾಗ ಈಚೆ ದಡದ ಊರುಗಳು ಇಡಿಯಾಗಿ ವೋಟು ಹಾಕಿ ಗೆಲ್ಲಿಸಿದವು. ಕೌನ್ಸಿಲ್‌ನಲ್ಲಿ ಕೂತು ಮೇಡಂ ಹೈಸ್ಕೂಲಿಗೆ ಠರಾವಿನ ಮೇಲೆ ಠರಾವು ಮಾಡಿಸಿದರು. ಎಲ್ಲ ಠರಾವಿಗೂ ಮೇಲಿನಿಂದ ಬಂದ ಉತ್ತರ ಒಂದೇ: ಹೊಸ ಹೈಸ್ಕೂಲಿಗೆ ಮನಿಲಾದಲ್ಲಿ ಕಾನೂನು ಆಗಬೇಕು, ನಿಮ್ಮ ಜಿಲ್ಲೆಯ ಸಂಸದರು ಮಸೂದೆ ಮಂಡಿಸಬೇಕು. ಜಿಲ್ಲೆಯ ಸಂಸದರು ಹಿರಿಯ ಮೊರ್ದೆನೊ. ಅವರಿಗೆ ಈಚೆ ದಡ ನೆನಪಾಗುವುದು ಹಬ್ಬದ ದಿನ ಹಂದಿ ತಿನ್ನುವಾಗ ಮಾತ್ರ. ಈಗ ಅವರು ಕೆಳಗಿಳಿದು ಮಗನನ್ನು ನಿಲ್ಲಿಸಿದ್ದರು. ಎದುರಿಗೆ ಮೇಡಂ. ಇದು ಕೊನೆಯ ಸಲ ಎಂದು ಮೇಡಂ ತಮಗೆ ತಾವೇ ಹೇಳಿಕೊಂಡಿದ್ದರು. ವಯಸ್ಸಾಗುತ್ತಿತ್ತು, ಮಂಡಿ ನೋಯುತ್ತಿತ್ತು, ಟ್ಯೂಷನ್ ಹೇಳಿ ಬದುಕುವುದು ಸಾಕಾಗಿತ್ತು.

ಭಾಷಣ ಮುಗಿಯಿತು. ಜನ ವೇದಿಕೆಯ ಕಡೆ ನುಗ್ಗಿ ಬಂತು. ಬೇರೆ ಅಭ್ಯರ್ಥಿಯಾಗಿದ್ದರೆ ಫೋಟೊ ಕೇಳುತ್ತಿದ್ದರು. ಇಲ್ಲಿ ಒಬ್ಬೊಬ್ಬರ ಕೈಯಲ್ಲೂ ಒಂದು ಕಾಗದ.

"ಮೇಡಂ, ಇದ್ರಲ್ಲಿ ಏನ್ ಬರೆದಿದ್ದಾರೆ ಸ್ವಲ್ಪ ನೋಡಿ."

"ಮೇಡಂ, ನನ್ ಮಗನ್ನ ಠಾಣೆಲಿ ಕೂರ್ಸಿದ್ದಾರೆ, ನೀವ್ ಒಂದ್ ಮಾತ್ ಹೇಳಿದ್ರೆ ಬಿಡ್ತಾರೆ."

"ಮೇಡಂ, ಅತ್ತೆ ಕಣ್ಣಿನ ಆಪರೇಷನ್‌ಗೆ ದೊಡ್ಡಾಸ್ಪತ್ರೆಗೆ ಹೋಗ್ಬೇಕು. ಎಲೆಕ್ಷನ್ ಮುಗಿದ್ಮೇಲೆ ಬರ್ತೀರಲ್ವಾ?" ಹೀಗೆ ಕೇಳಿದವಳು ಬಗಾಕಾಯ್ ಊರಿನ ಪಾಸಿತಾ. ಒಣಮೀನು ಮಾರುವವಳು, ಮೇಡಂ ಹತ್ತಿರವೇ ಅಕ್ಷರ ಕಲಿತವಳು. ಅವಳ ಮಗಳು ಜೊವೆಲಿನ್‌ಗೆ ಜ್ಞಾನಸ್ನಾನದಲ್ಲಿ ಧರ್ಮತಾಯಿಯಾಗಿ ನಿಂತವರೂ ಮೇಡಂ.

"ಬರ್ತೀನಿ ಬಿಡೇ. ಮೊದ್ಲು ವೋಟ್ ಹಾಕು," ಎಂದರು ಮೇಡಂ.

"ಅಯ್ಯೋ, ಅದನ್ನ ಕೇಳ್ಬೇಕಾ? ನೀವಂದ್ರೆ ನಮ್ಗೆ ಜೀವ!"

ಊರೂರಲ್ಲೂ ಇದೇ ಕತೆ. ಜೀವ ಅನ್ನದವರಿಲ್ಲ. ವೋಟು ಹಾಕುತ್ತೀನಿ ಅಂತ ಬಾಯಿಬಿಟ್ಟು ಹೇಳಿದವರನ್ನು ಮಾತ್ರ ಹುಡುಕಬೇಕಿತ್ತು. ಪ್ರಚಾರಕ್ಕೆ ತನ್ನ ತ್ರಿಚಕ್ರ ಗಾಡಿ ಕೊಟ್ಟು ತಾನೇ ಓಡಿಸುತ್ತಿದ್ದ ದೆನ್ಸ್ಯೊ ದಾರಿಯುದ್ದಕ್ಕೂ ಗೊಣಗುತ್ತಿದ್ದ.

"ನೀವು ಹೀಗೆ ಎಲ್ರ ಕೆಲಸಾನೂ ಮಾಡ್ಕೊಡ್ತಾ ಇರ್ಬೇಡಿ ಮೇಡಂ. ಗೆದ್ರೆ ಮಾಡ್ಕೊಡ್ತೀನಿ ಅನ್ನಿ. ಮೊರ್ದೆನೊಗಳು ಹಾಗೇ ಅಲ್ವಾ, ಮೂರ್ ತಲೆಮಾರಿಂದ ಮಾಡ್ತೀವಿ ಮಾಡ್ತೀವಿ ಅಂತಾನೇ ಗೆಲ್ತಾ ಬಂದಿರೋದು."

"ಬಾಯ್ಮುಚ್ಕೊಂಡ್ ಗಾಡಿ ಓಡ್ಸು."

"ಆಯ್ತು. ಬಾಯ್ ಮುಚ್ಚಿದ್ರೆ ಮೈಕಲ್ಲಿ ಕೂಗೋರ್ಯಾರು?"

ಚುನಾವಣೆಗೆ ಹತ್ತು ದಿನ ಇರುವಾಗ ಮೇಡಂ ಮನಸ್ಸಿಗೆ ಸ್ವಲ್ಪ ತಂಪಾಗುವಂಥ ಸುದ್ದಿ ಬಂತು. ಬಗಾಕಾಯ್ ಹೆಂಗಸರು ಪ್ರಾರ್ಥನಾಮಂದಿರದಲ್ಲಿ ಮೇಡಂ ಸಲುವಾಗಿ ಒಂಬತ್ತು ಸಂಜೆಯ ಪ್ರಾರ್ಥನೆ ಹಿಡಿದಿದ್ದರು. ಹಾಗಂತ ದೆನ್ಸ್ಯೊ ಹೇಳಿದ. ಪಕ್ಕದ ಮೀನುಗಾರರ ಊರುಗಳಿಂದಲೂ ಹೆಂಗಸರು ನಡೆದು ಬರುತ್ತಿದ್ದರಂತೆ. ಹರಕೆ ಈಡೇರಿದರೆ ಮಾತೆಯ ಮುಂದೆ ಹಂದಿ ಸುಟ್ಟು ಊರಿಗೆಲ್ಲ ಊಟ ಹಾಕುತ್ತೇವೆ ಎಂದು ಪಾಸಿತಾ ತನ್ನದೇ ಹಂದಿಯನ್ನು ಮೀಸಲಿಟ್ಟಿದ್ದಳಂತೆ.

"ನೋಡಿದ್ಯಾ? ನೀನ್ ಸುಮ್ನೆ ಗೊಣಗ್ತೀಯ," ಎಂದರು ಮೇಡಂ.

ಕೊನೆಯ ಸಂಜೆ ಎಲ್ಲ ಕೆಲಸ ಬಿಟ್ಟು ತಾವೂ ಹೋದರು. ಅಂಗೈ ಅಗಲದ ಮಂದಿರದಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೇಡಂ ಒಳಗೆ ಬಂದದ್ದೇ ಹೆಂಗಸರೆಲ್ಲ ಸರಿದು ಮುಂದಿನ ಬೆಂಚಿನಲ್ಲಿ ಜಾಗ ಮಾಡಿಕೊಟ್ಟರು. ಯಾಕೋ ಅವರ ಮುಖ ಸ್ವಲ್ಪ ಕಳೆಗುಂದಿದಂತಿತ್ತು. ಮೇಡಂ ಅದನ್ನು ಭಕ್ತಿ ಎಂದುಕೊಂಡರು. ಜಪಮಾಲೆ ಮುಗಿಯಿತು. ಆಮೇಲೆ ಪ್ರಾರ್ಥನೆ ನಡೆಸುವ ಮುದುಕಿ, "ಈಗ ನಿಮ್ಮ ನಿಮ್ಮ ಬೇಡಿಕೆ ಮಾತೆಗೆ ಹೇಳ್ಕೊಳ್ಳಿ," ಎಂದಳು. ಮಂದಿರ ನಿಶ್ಶಬ್ದವಾಯಿತು. ಬೇಡಿಕೆಯನ್ನು ಮನಸ್ಸಿನಲ್ಲೇ ಹೇಳಿಕೊಳ್ಳಬೇಕು, ಬಾಯಿಬಿಟ್ಟರೆ ಫಲ ಕೆಡುತ್ತದೆ. ಪಕ್ಕದವಳು ಏನು ಬೇಡಿದಳೆಂದು ಕೇಳುವುದಂತೂ ಮಹಾ ಅಸಭ್ಯತನ. ಮೇಡಂ ಕಣ್ಣು ಮುಚ್ಚಿ, ತಾಯಿ, ಇವರ ಮಕ್ಕಳಿಗೋಸ್ಕರ ನನ್ನನ್ನು ಮನಿಲಾಕ್ಕೆ ಕಳಿಸು ಎಂದು ಬೇಡಿಕೊಂಡರು. ಪಕ್ಕದಲ್ಲಿ ಪಾಸಿತಾಳ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಅದನ್ನು ನೋಡಿ ಮೇಡಂಗೂ ಕಣ್ಣು ತುಂಬಿ ಬಂತು.

ಹೊರಗೆ ಶುಂಠಿ ಕಷಾಯ ಕುಡಿಯುತ್ತ, "ನಿಮ್ಮ ಪ್ರಾರ್ಥನೆ ಕೇಳೇ ಕೇಳ್ತಾಳೆ ಬಿಡ್ರೇ," ಎಂದರು ಮೇಡಂ.

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ನಮ್ಗೂ ಅದೇ ನಂಬಿಕೆ ಮೇಡಂ," ಎಂದಳು ಪಾಸಿತಾ.

ಮೇಡಂ ಸೋತರು. ಹೀನಾಯವಾಗೇನೂ ಅಲ್ಲ, ಕೂದಲೆಳೆಯ ಅಂತರದಲ್ಲಿ. ಆಚೆ ದಡದ ಪೇಟೆಯಲ್ಲಿ, ಮೊರ್ದೆನೊಗಳ ಕೋಟೆಯಂಥ ತಬೂನನ್‌ನಲ್ಲಿ, ಮೇಡಂಗೆ ಯಾರೂ ನಿರೀಕ್ಷಿಸದಷ್ಟು ವೋಟು ಬಿದ್ದಿದ್ದವು. ಗುಡ್ಡದ ಮೇಲಿನ ಊರುಗಳೂ ಕೈಹಿಡಿದಿದ್ದವು. ಕೈಕೊಟ್ಟದ್ದು ಈಚೆ ದಡ. ಮತಗಟ್ಟೆ ಮತಗಟ್ಟೆಯ ಎಣಿಕೆಯನ್ನು ಶಾಲೆಯ ಬಾಗಿಲಿಗೆ ಅಂಟಿಸಿದ್ದರು. ಬಗಾಕಾಯ್ ಶಾಲೆಯ ಬಾಗಿಲ ಮುಂದೆ, ತಾವೇ ಅರ್ಧ ಆಯಸ್ಸು ಕಳೆದ ಆ ಬಾಗಿಲ ಮುಂದೆ, ಮೇಡಂ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು. ಇಲ್ಲಿ ಅವರಿಗೆ ಸಿಕ್ಕಿದ್ದು ಬೆರಳೆಣಿಕೆಯ ವೋಟು.

"ದುಡ್ಡು ಹಂಚಿರ್ಬೇಕು," ಎಂದ ದೆನ್ಸ್ಯೊ, ನೆಲ ನೋಡುತ್ತ.

"ಇಲ್ಲಿಗೆ ಯಾರೂ ಬರ್ಲಿಲ್ಲ ಕಣೋ. ಮೊರ್ದೆನೊ ಹುಡುಗ ದೋಣಿ ಹತ್ತಿದ್ರೆ ವಾಂತಿ ಮಾಡ್ತಾನೆ," ಎಂದರು ಮೇಡಂ. ನಗಲು ಹೋದರು, ಆಗಲಿಲ್ಲ. ಸೋಲು ಅವರಿಗೆ ಹೊಸದಲ್ಲ. ಇಂಥ ಸೋಲು ಹೊಸದು.

ಎರಡು ದಿನ ಬಾಗಿಲು ಹಾಕಿಕೊಂಡು ಕೂತರು. ಮೂರನೇ ದಿನ ಬೆಳಿಗ್ಗೆ ಪಾಸಿತಾ ಮತ್ತು ನಾಲ್ಕು ಹೆಂಗಸರು ಹೊಸ ಬಟ್ಟೆ ಉಟ್ಟು ಬಂದು ನಿಂತರು.

"ಮೇಡಂ, ಮಧ್ಯಾಹ್ನ ಊಟಕ್ಕೆ ಬರ್ಲೇಬೇಕು. ನೀವಿಲ್ದೆ ಕತ್ತಿ ಹಾಕಲ್ಲ."

"ಯಾವ ಊಟ?"

"ಹರಕೆ ಊಟ ಮೇಡಂ. ಹಂದಿ ಸುಡ್ತಿದ್ದೀವಲ್ಲ."

ಮೇಡಂಗೆ ತಕ್ಷಣ ಅರ್ಥವಾಗಲಿಲ್ಲ. "ಹರಕೆ ಈಡೇರಿದ್ರೆ ತಾನೇ ಹಂದಿ?" ಎಂದರು.

"ಈಡೇರ್ತಲ್ಲ ಮೇಡಂ," ಎಂದಳು ಪಾಸಿತಾ. ಅವಳ ಮುಖದಲ್ಲಿ ಕಪಟವೆಂಬುದು ಎಳ್ಳಷ್ಟೂ ಇರಲಿಲ್ಲ. ಮೇಡಂ ಮಂಚದ ಅಂಚಿನಲ್ಲಿ ಕೂತರು.

"ಏನ್ ಬೇಡ್ಕೊಂಡ್ರಿ ನೀವೆಲ್ಲ?"

ಪ್ರಾರ್ಥನೆ ಫಲಿಸಿಯಾಗಿತ್ತು, ಇನ್ನು ಹೇಳಿದರೆ ತಪ್ಪಿಲ್ಲ. ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು ಹೇಳತೊಡಗಿದರು.

"ನೀವು ಮನಿಲಾಕ್ಕೆ ಹೋಗ್ಬಾರ್ದು ಅಂತ."

"ಅಲ್ಲಿಗೆ ಹೋದೋರು ಯಾರಾದ್ರೂ ವಾಪಸ್ ಬಂದಿದ್ದಾರಾ ಮೇಡಂ? ನಮ್ ತಮ್ಮ ಹೋದ, ಬರ್ಲಿಲ್ಲ."

"ಮೊರ್ದೆನೊ ಹೋದ್ರೆ ಹೋಗ್ಲಿ. ಅವ್ನು ಇಲ್ಲಿದ್ರೂ ಇಲ್ದಿದ್ರೂ ನಮ್ಗೇನು? ನೀವ್ ಹೋದ್ರೆ ನಮ್ ಜೊತೆ ಆಸ್ಪತ್ರೆಗೆ ಬರೋರ್ಯಾರು? ಠಾಣೆಗೆ ಬರೋರ್ಯಾರು?"

"ಕೌನ್ಸಿಲ್‌ಗೆ ಹಾಕಿದ್ವಲ್ಲ ಮೇಡಂ ಎಲ್ರೂ," ಎಂದಳು ಪಾಸಿತಾ ಸಮಾಧಾನ ಹೇಳುವವಳ ಹಾಗೆ. "ಅದು ಸಂಜೆ ದೋಣಿಗೆ ವಾಪಸ್ ಬರೋ ಕೆಲಸ."

ಮೇಡಂಗೆ ಎದ್ದು ಇವರ ಕೆನ್ನೆಗೆ ಬಾರಿಸಬೇಕೆನಿಸಿತು. ಅತ್ತುಬಿಡಬೇಕು ಎಂದೂ ಅನಿಸಿತು. ಇಷ್ಟು ವರ್ಷ ಕೆಲಸ ಬಿಟ್ಟು, ಮಂಡಿ ಸವೆಸಿ, ಬಿಸಿಲಲ್ಲಿ ಮೈಕು ಹಿಡಿದು ಅರಚಿದ್ದು ಇವರಿಗಾಗಿ. ಇವರೋ, ಪ್ರೀತಿಯಿಂದ ತನ್ನ ಕಾಲು ಹಿಡಿದೆಳೆದು ಕೂರಿಸಿದ್ದಾರೆ. ವೈರಿಯಾದರೆ ಬೈಯಬಹುದು. ಇವರನ್ನು ಏನೆಂದು ಬೈಯುವುದು?

ಆದರೂ ಹೋದರು. ಹರಕೆಯ ಊಟಕ್ಕೆ ಬರುವುದಿಲ್ಲ ಎಂದರೆ ಮಾತೆಗೇ ಮುಖ ತಿರುಗಿಸಿದಂತೆ. ಮಂದಿರದ ಮುಂದೆ ಬಾಳೆ ಎಲೆ ಹಾಸಿದ ಉದ್ದದ ಮೇಜು, ಗುಡ್ಡೆ ಗುಡ್ಡೆ ಅನ್ನ, ತೆಂಗಿನ ಹಾಲಿನಲ್ಲಿ ಬೇಯಿಸಿದ ಖಾರದ ಕೆಸುವಿನ ಸೊಪ್ಪು, ನಡುವೆ ಕೆಂಪಗೆ ಸುಟ್ಟ ಹಂದಿ. ಮೇಡಂ ಬಂದದ್ದೇ ಮಕ್ಕಳು ಮುದುಕರೆಲ್ಲ ಚಪ್ಪಾಳೆ ತಟ್ಟಿದರು. ಗೆದ್ದಿದ್ದರೂ ಇಷ್ಟು ಚಪ್ಪಾಳೆ ಬೀಳುತ್ತಿತ್ತೋ ಇಲ್ಲವೋ. ಬೆರ್ತೊ ಮತ್ತೆ "ಪ್ರೆಸೆಂಟ್" ಎನ್ನಲು ಎದ್ದವನು ಮೇಡಂ ಮುಖ ನೋಡಿ ಹಾಗೇ ಕೂತ.

ಪಾಸಿತಾ ಹಂದಿಯ ಬೆನ್ನಿನ ಗರಿಗರಿ ಚರ್ಮವನ್ನು ಮುರಿದು ಮೊದಲ ತುಂಡನ್ನು ಮೇಡಂ ಎಲೆಗೆ ಬಡಿಸಿದಳು. ಆಚೆ ಒಲೆಯ ಹತ್ತಿರ ಜೊವೆಲಿನ್ ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು ಪಾತ್ರೆ ತಿಕ್ಕುತ್ತಿದ್ದಳು. ಆ ವರ್ಷವೇ ಅವಳ ಆರನೇ ಕ್ಲಾಸು ಮುಗಿದಿತ್ತು.

"ಇವಳನ್ನ ಆಚೆ ದಡದ ಹೈಸ್ಕೂಲಿಗೆ ಸೇರ್ಸಿದ್ಯಾ?" ಎಂದು ಕೇಳಿದರು ಮೇಡಂ.

"ಎಲ್ಲಿ ಮೇಡಂ. ಗಾಳಿ ಶುರುವಾದ್ರೆ ಹೇಗಿದ್ರೂ ನಿಂತೋಗುತ್ತೆ. ಮನೇಲೇ ಇರ್ಲಿ, ಚಿಕ್ಕೋನ್ನ ನೋಡ್ಕೋತಾಳೆ," ಎಂದಳು ಪಾಸಿತಾ. ಹೇಳಿದ ಮೇಲೆ ಅವಳ ಕೈ ಒಂದು ಕ್ಷಣ ನಿಂತಿತು. ಆಮೇಲೆ ಇನ್ನೊಂದು ತುಂಡು ಮುರಿದಳು.

ಮೇಡಂ ಎಲೆಯ ಮೇಲಿನದನ್ನು ಮುಟ್ಟಲಿಲ್ಲ. "ನಾನು ಸೋಮವಾರ ಮನಿಲಾಕ್ಕೆ ಹೋಗ್ತಿದ್ದೀನಿ," ಎಂದರು.

"ಯಾಕ್ ಮೇಡಂ? ಸೋತ್ರಲ್ಲ!" ಎಂದಳು ಯಾರೋ ಒಬ್ಬಳು.

"ಅದಕ್ಕೇ ಹೋಗ್ತಿರೋದು. ಗೆದ್ದಿದ್ರೆ ಅದು ನನ್ ಕುರ್ಚಿ. ನಾನೇ ಮಸೂದೆ ಮಂಡಿಸಿ, ಶುಕ್ರವಾರ ಬಸ್ ಹತ್ತಿ, ಭಾನುವಾರ ನಿಮ್ ಜೊತೆ ಪೂಜೆಲಿ ಕೂರ್ತಿದ್ದೆ. ಈಗ ಆ ಮೊರ್ದೆನೊ ಹುಡುಗನ ಬಾಗ್ಲಲ್ಲಿ ಕೂತು ಕಾಯ್ಬೇಕು. ಅವನ ಸೆಕ್ರೆಟರಿ ಇವತ್ತು ಬಾ ನಾಳೆ ಬಾ ಅಂತಾನೆ. ಅವನು ಸಹಿ ಹಾಕೋವರ್ಗೂ ನಾನು ಇಲ್ಲಿಗ್ ಬರಲ್ಲ. ಎಷ್ಟ್ ತಿಂಗಳೋ, ಎಷ್ಟ್ ವರ್ಷವೋ, ನಿಮ್ಮ ಮಾತೆಗೇ ಗೊತ್ತು."

ಒಲೆಯ ಹತ್ತಿರ ಪಾತ್ರೆ ತಿಕ್ಕುವ ಸದ್ದು ನಿಂತಿತ್ತು. ಪಾಸಿತಾಳ ಬೆರಳಿಂದ ಹಂದಿಯ ಜಿಡ್ಡು ಎಲೆಯ ಮೇಲೆ ತೊಟ್ಟಿಕ್ಕುತ್ತಿತ್ತು.

"ಹಾಗಾದ್ರೆ... ಅತ್ತೆ ಕಣ್ಣು?" ಎಂದಳು ಅವಳು ಕೊನೆಗೆ, ಬಲು ಮೆಲ್ಲಗೆ. "ಬುಧವಾರ ಬರೋಕ್ ಹೇಳಿದ್ದಾರೆ ಮೇಡಂ. ಅಲ್ಲಿ ಕಾಗದ ಎಲ್ಲ ಕೊಡ್ತಾರೆ. ಏನೇನೋ ಬರೆದಿರುತ್ತೆ. ನಾನೊಬ್ಳೇ ಹೇಗ್ ಹೋಗ್ಲಿ?"

"ಪಾಸಿತಾ, ನಿನಗೆ ಓದೋಕೆ ಕಲ್ಸಿದ್ದು ಯಾರು?"

"ನೀವೇ ಮೇಡಂ."

"ಹಾಗಾದ್ರೆ ಓದು," ಎಂದು ಸಾಲ್ವಿ ಮೇಡಂ ಎದ್ದು ಕೈ ತೊಳೆಯಲು ಹೋದರು.